ಟೀಚರಲ್ಲಿ ಕೇಳಿ: ಸಿಂಗಾಪುರದ ಕೇರಿಗಳಲ್ಲಿ ತಿಂದು ತಿರುಗುವುದು

ಕಳೆದ ತಿಂಗಳ ಅಂಕಣದಲ್ಲಿ, ಮಗಳ ಮನೆಗೆಂದು ಸಿಂಗಾಪುರಕ್ಕೆ ಹೋದಾಗ ಅಲ್ಲಿಯ ಮಾರ್ಕೆಟ್ಟಿನಲ್ಲಿ ಸೇಮಿಗೆ ತಿಂದ ವಿಷಯ ಎರಡು ಸಾಲು ಬರೆದಿದ್ದೆ. ಅದಕ್ಕೆ ಇಷ್ಟು ಕಾಗದ ಬರುತ್ತದೆ ಎಂದುಕೊಂಡಿರಲಿಲ್ಲ. ನಮ್ಮ ಕಾಸರಗೋಡಿನವರಿಗೆ ಹೊರದೇಶ ಹೊಸತಲ್ಲ, ಮನೆಗೊಬ್ಬರು ಗಲ್ಫಿನಲ್ಲಿದ್ದಾರೆ. ಆದರೆ ದುಡಿಯಲು ಹೋಗುವುದು ಬೇರೆ, ರಜೆಯಲ್ಲಿ ಸುಮ್ನೆ ನೋಡಿ, ತಿಂದು, ಕುಡಿದು ಬರುವುದು ಬೇರೆ. ಈಗ ಮಕ್ಕಳು ಟಿಕೆಟ್ ಕಳಿಸುತ್ತಾರೆ, ಅಪ್ಪ ಅಮ್ಮ ಹೊರಡುತ್ತಾರೆ. ನಾನು ಮೂರು ಸಲ ಹೋಗಿದ್ದೇನೆ, ಪ್ರತಿ ಸಲವೂ ಮೂರು ನಾಲ್ಕು ವಾರ ಇದ್ದೆ. ಕಂಡದ್ದನ್ನು, ತಿಂದದ್ದನ್ನು ಹೇಳುತ್ತೇನೆ.

ಬದಿಯಡ್ಕದಿಂದ ಒಬ್ಬರು: ಟೀಚರೇ, ಡಿಸೆಂಬರಿನಲ್ಲಿ ನಾನೂ ಹೆಂಡತಿಯೂ ಎಂಟು ದಿನ ಸಿಂಗಾಪುರಕ್ಕೆ ಹೋಗುತ್ತೇವೆ. ಮಗ ಅಲ್ಲಿದ್ದಾನೆ, ಆದರೆ ಹಗಲೆಲ್ಲ ಅವನಿಗೆ ಆಫೀಸು. ತಿನ್ನಲು ಹೋಗಬೇಕಾದ ನಲುವತ್ತು ಜಾಗಗಳ ಪಟ್ಟಿ ಕಳಿಸಿದ್ದಾನೆ. ನೋಡಿಯೇ ಸುಸ್ತಾಯಿತು. ನಾನು ಸಸ್ಯಾಹಾರಿ, ಅವಳಿಗೆ ಮೀನು ಇಷ್ಟ. ಇಬ್ಬರಿಗೂ ಇಂಗ್ಲಿಷ್ ಅಷ್ಟಕ್ಕಷ್ಟೇ. ಎಲ್ಲಿಂದ ಶುರು ಮಾಡಬೇಕು?

ಅಣ್ಣಾ, ಆ ಪಟ್ಟಿಯನ್ನು ಮಡಚಿ ಬ್ಯಾಗಿನಲ್ಲಿಡಿ. ಒಂದು ಕೇರಿ ಆರಿಸಿ. ಅದೇ ಕೇರಿಗೆ ಮೂರು ಬೆಳಗ್ಗೆ ಹೋಗಿ.

ಮೊದಲ ಸಲ ಹೋದಾಗ ನಾನೂ ಪಟ್ಟಿ ಹಿಡಿದು ಓಡಿದವಳೇ. ಎರಡು ದಿನಕ್ಕೆ ಏಳು ಜಾಗ. ಈಗ ಕೇಳಿದರೆ ಒಂದರ ರುಚಿಯೂ ನಾಲಿಗೆಗೆ ಬರುವುದಿಲ್ಲ. ಆಮೇಲೆ ಮಗಳು ಕೆಲಸಕ್ಕೆ ಹೋದಾಗ ನಾನೊಬ್ಬಳೇ ಟೆಕ್ಕಾ ಮಾರ್ಕೆಟ್ಟಿಗೆ ಹೋಗತೊಡಗಿದೆ. ಮೊದಲ ದಿನ ಬರೀ ಗದ್ದಲ. ಎರಡನೇ ದಿನ ಯಾವ ಅಂಗಡಿಯ ಮುಂದೆ ಊರಿನವರ ಸಾಲು ಇದೆ, ಯಾವುದರ ಮುಂದೆ ಕ್ಯಾಮೆರಾದವರ ಸಾಲು ಇದೆ ಎಂದು ಗೊತ್ತಾಯಿತು. ಮೂರನೇ ದಿನ ಚಾದವನು ನನ್ನನ್ನು ಕಂಡ ಕೂಡಲೇ ಸಕ್ಕರೆ ಕಡಿಮೆ ಮಾಡಿ ಲೋಟ ಇಟ್ಟ. ಆ ಲೋಟದ ಚಾ ನನಗೆ ಇವತ್ತಿಗೂ ನೆನಪಿದೆ.

ನೀವೂ ಟೆಕ್ಕಾದಿಂದಲೇ ಶುರು ಮಾಡಿ. ಲಿಟಲ್ ಇಂಡಿಯಾ ಎಂಬ ಮೆಟ್ರೋ ಸ್ಟೇಷನ್ನಿನಲ್ಲಿ ಇಳಿದು ಹೊರಗೆ ಬಂದರೆ ಎದುರಿಗೇ ಇದೆ. ಪಕ್ಕದ ರಸ್ತೆಯ ಹೆಸರು ಬಫಲೋ ರೋಡ್, ಅದರ ಆಚೆ ಕೆರ್ಬಾವ್ ರೋಡ್. ಕೆರ್ಬಾವ್ ಅಂದರೆ ಮಲಯ ಭಾಷೆಯಲ್ಲಿ ಎಮ್ಮೆ. ಒಂದು ಕಾಲದಲ್ಲಿ ಅಲ್ಲಿ ದನ, ಎಮ್ಮೆಗಳ ವ್ಯಾಪಾರ ಇತ್ತು, ಹೆಸರು ಹಾಗೇ ಉಳಿಯಿತು. 1982ರಲ್ಲಿ ಈಗಿನ ಕಟ್ಟಡ ಆದಾಗ ಅದಕ್ಕೆ ಚೀನೀ ಭಾಷೆಯಲ್ಲಿ ಝೂಜಿಯಾವ್ ಎಂದು ಹೊಸ ಹೆಸರಿಟ್ಟರು. ಜನ ಮಾತ್ರ ಟೆಕ್ಕಾ ಎಂದೇ ಕರೆದರು. ಕಡೆಗೆ 2000ದಲ್ಲಿ ಸರ್ಕಾರವೇ ಹಳೇ ಹೆಸರು ವಾಪಸು ಕೊಟ್ಟಿತು. ಊರಿನ ಹೆಸರು ಊರಿನವರ ಬಾಯಲ್ಲಿರಬೇಕು ಎಂಬ ವಿಷಯ ಗಡಿಯವರಾದ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ ಅಲ್ವಾ? ಆ ಕತೆ ಕೇಳಿದ ದಿನದಿಂದ ನನಗೆ ಆ ಮಾರ್ಕೆಟ್ಟಿನ ಮೇಲೆ ಪ್ರೀತಿ ಜಾಸ್ತಿಯಾಯಿತು.

ಕೆಳಗಿನ ಮಹಡಿಯಲ್ಲಿ ಒಂದು ಕಡೆ ಮೀನು, ಮಾಂಸ, ತರಕಾರಿ. ನುಗ್ಗೆಕಾಯಿ, ಬಾಳೆಲೆ, ಕರಿಬೇವು ಎಲ್ಲ ಕಾಣಿಸುತ್ತದೆ. ಇನ್ನೊಂದು ಕಡೆ ತಿಂಡಿಯ ಅಂಗಡಿಗಳು, ಸಾಲು ಸಾಲು. ಇಂಥ ಜಾಗಕ್ಕೆ ಅಲ್ಲಿ ಹಾಕರ್ ಸೆಂಟರ್ ಎನ್ನುತ್ತಾರೆ. ಹಿಂದೆ ರಸ್ತೆ ಬದಿಯಲ್ಲಿ ಗಾಡಿ ಇಟ್ಟು ಮಾರುತ್ತಿದ್ದವರಿಗೆ ಸರ್ಕಾರ ಒಂದು ಸೂರು, ನೀರು, ಚರಂಡಿ ಮಾಡಿ ಕೊಟ್ಟು ಒಳಗೆ ಕೂರಿಸಿತು. 2020ರ ಡಿಸೆಂಬರಿನಲ್ಲಿ ಯುನೆಸ್ಕೋ ಈ ಹಾಕರ್ ಸಂಸ್ಕೃತಿಯನ್ನೇ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. ದೊಡ್ಡ ಹೋಟೆಲಿಗೆ ಸಿಗದ ಗೌರವ ತಟ್ಟುಕಡೆಯವರಿಗೆ ಸಿಕ್ಕಿತು. ನನಗೆ ಅದು ತುಂಬಾ ಸರಿ ಎನಿಸಿತು.

ಭಾಷೆಯ ಚಿಂತೆ ಬಿಡಿ. ಅಲ್ಲಿ ಇಂಗ್ಲಿಷ್, ಮಲಯ, ಚೀನೀ, ತಮಿಳು ನಾಲ್ಕೂ ಸರ್ಕಾರದ ಭಾಷೆ. ಮೆಟ್ರೋ ಬೋರ್ಡಿನಲ್ಲೂ ತಮಿಳು ಇದೆ. ಬದಿಯಡ್ಕದ ಪೇಟೆಯಲ್ಲಿ ನೀವು ದಿನಾ ಮಲಯಾಳ ಕೇಳುತ್ತೀರಿ, ಆಡುತ್ತೀರಿ. ನಿಮಗೆ ಆ ತಮಿಳು ಅರ್ಧಕ್ಕಿಂತ ಜಾಸ್ತಿ ತಿಳಿಯುತ್ತದೆ. ಒಂದು ಮಾತಿಗೆ ಮೂರು ಭಾಷೆ ಬೆರೆಸಿ ಕೆಲಸ ಮಾಡಿಕೊಳ್ಳುವುದು ನಮಗೆ ಅಭ್ಯಾಸ. ಬೆಂಗಳೂರಿನವರಿಗಿಂತ ನಿಮಗೆ ಅಲ್ಲಿ ಸಲೀಸು, ನೋಡಿ.

ಈಗ ಸೇಮಿಗೆಯ ವಿಷಯ. ಅಲ್ಲಿ ಅದಕ್ಕೆ ಪುಟು ಮಾಯಂ ಎನ್ನುತ್ತಾರೆ. ಒಂದು ಅಂಗಡಿಯಲ್ಲಿ ಹೆಂಗಸೊಬ್ಬರು ಬಿದಿರಿನ ತಟ್ಟೆಯಿಂದ ಬಿಸಿ ಸೇಮಿಗೆ ಎತ್ತಿ ಕಾಗದದ ಮೇಲೆ ಹಾಕಿದರು. ನಮ್ಮ ಮನೆಯ ಸೇಮಿಗೆ ಮಣೆಯಲ್ಲಿ ಬರುವುದಕ್ಕಿಂತ ಸಣ್ಣ ಎಳೆ, ಬಿಳೀ ನೂಲಿನ ಹಾಗೆ. ಪಕ್ಕದಲ್ಲಿ ಒಂದು ಹಿಡಿ ಕಾಯಿತುರಿ, ಒಂದು ಹಿಡಿ ಕೇಸರಿ ಬಣ್ಣದ ಸಕ್ಕರೆ. ಸಾರಿಲ್ಲ, ಕಾಯಿಹಾಲಿಲ್ಲ. ನಮ್ಮಲ್ಲಿ ಸೇಮಿಗೆ ಒತ್ತಿದ ದಿನ ಬೆಲ್ಲ ಹಾಕಿದ ಕಾಯಿಹಾಲು ಇಲ್ಲದಿದ್ದರೆ ಯಾರೂ ಎಲೆಯ ಮುಂದೆ ಕೂರುವುದಿಲ್ಲ. ನಾನು ಸ್ವಲ್ಪ ಹೊತ್ತು ನೋಡುತ್ತಾ ನಿಂತೆ. ಆಮೇಲೆ ಪಕ್ಕದಲ್ಲಿದ್ದ ಮುದುಕರೊಬ್ಬರು ಮಾಡಿದ ಹಾಗೆ ಕಾಯಿ, ಸಕ್ಕರೆ ಎರಡನ್ನೂ ಬಿಸಿ ಸೇಮಿಗೆಯ ಮೇಲೆ ಉದುರಿಸಿ ಕೈಯಲ್ಲೇ ಕಲಸಿದೆ. ಬಿಸಿಗೆ ಸಕ್ಕರೆ ಅರ್ಧ ಕರಗಿ, ಅರ್ಧ ಹರಳಾಗಿಯೇ ಹಲ್ಲಿಗೆ ಸಿಗುತ್ತದೆ. ಕಾಯಿ ಆಗ ತಾನೇ ತುರಿದದ್ದು. ಅಷ್ಟು ಸಾಕು. ಮೂರು ದಿನ ಅದನ್ನೇ ತಿಂದೆ.

ನಿಮ್ಮ ಮನೆಯವರಿಗೆ ಮೀನು ಬೇಕೆಂದರೆ ಹತ್ತಿರದ ರೇಸ್ ಕೋರ್ಸ್ ರೋಡಿಗೆ ಕರೆದುಕೊಂಡು ಹೋಗಿ. ಅಲ್ಲಿ ಬಾಳೆಲೆ ಹಾಕಿ ದೊಡ್ಡ ಮೀನಿನ ತಲೆಯ ಸಾರು ಬಡಿಸುತ್ತಾರೆ. ಅದನ್ನು ಮೊದಲು ಮಾಡಿದ್ದು ಕೇರಳದಿಂದ ಹೋಗಿ ಅಲ್ಲಿ ಹೋಟೆಲಿಟ್ಟವರೊಬ್ಬರು ಎಂದು ಅಲ್ಲಿಯವರು ಹೇಳುತ್ತಾರೆ. ಚೀನೀಯರಿಗೆ ಮೀನಿನ ತಲೆ ಇಷ್ಟ, ಮಲಯಾಳಿಗೆ ಹುಳಿಖಾರದ ಸಾರು ಗೊತ್ತು. ಎರಡೂ ಸೇರಿತು.

ಸಮಯದ ಒಂದು ಮಾತು. ಅಲ್ಲಿಯ ಗಡಿಯಾರ ನಮ್ಮದಕ್ಕಿಂತ ಎರಡೂವರೆ ಗಂಟೆ ಮುಂದೆ. ಅಲ್ಲಿ ಎಂಟು ಆದಾಗ ನಿಮ್ಮ ಹೊಟ್ಟೆಗೆ ಇನ್ನೂ ಐದೂವರೆ. ಮೊದಲೆರಡು ದಿನ ಒಂಬತ್ತೂವರೆಗೆ ಹೋಗಿ. ತುಂಬಾ ತಡ ಮಾಡಬೇಡಿ, ಒಳ್ಳೆಯ ಅಂಗಡಿಗಳಲ್ಲಿ ಮಾಡಿದ್ದು ಮುಗಿದ ಕೂಡಲೇ ಬಾಗಿಲು ಹಾಕುತ್ತಾರೆ. ಸೋಮವಾರ ರಜೆ ಮಾಡುವ ಅಂಗಡಿಗಳೂ ಜಾಸ್ತಿ.

ಕುಂಬಳೆಯಿಂದ ಒಬ್ಬ ಅಕ್ಕ: ನನಗೆ ಸಕ್ಕರೆ ಕಾಯಿಲೆ. ಕಾಫಿ ಬಿಡಲು ಆಗುವುದಿಲ್ಲ. ಸಿಂಗಾಪುರದ ಕಾಫಿ ಕರಿಕಾಗಿರುತ್ತದೆ, ಮತ್ತೆ ಪಾಯಸದ ಹಾಗೆ ಸಿಹಿ ಎಂದು ತಮ್ಮ ಹೆದರಿಸಿದ್ದಾನೆ. ನಿಜವಾ?

ತಮ್ಮ ಹೇಳಿದ್ದರಲ್ಲಿ ಸತ್ಯ ಇದೆ ಅಕ್ಕಾ. ಆದರೆ ಕೇಳುವ ಕ್ರಮ ಗೊತ್ತಿದ್ದರೆ ನಿಮಗೆ ಬೇಕಾದ್ದೇ ಸಿಗುತ್ತದೆ.

ಅಲ್ಲಿಯ ಹಳೇ ಕಾಫಿ ಅಂಗಡಿಗೆ ಕೋಪಿಟಿಯಂ ಎನ್ನುತ್ತಾರೆ. ಕೋಪಿ ಮಲಯ ಮಾತು, ಟಿಯಂ ಚೀನೀ ಮಾತು, ಅಂಗಡಿ ಎಂದರ್ಥ. ಬೀಜವನ್ನು ಸಕ್ಕರೆ ಮತ್ತು ಬೆಣ್ಣೆ ಅಥವಾ ಮಾರ್ಗರಿನ್ ಹಾಕಿ ಕಪ್ಪಗೆ ಹುರಿಯುತ್ತಾರೆ. ಅದಕ್ಕೇ ಆ ಕರಿಕಿದ ಪರಿಮಳ. ಆಮೇಲೆ ಉದ್ದ ಮೂತಿಯ ಪಾತ್ರೆಯಲ್ಲಿ ಬಟ್ಟೆಯ ಚೀಲ ಇಳಿಬಿಟ್ಟು ಸೋಸುತ್ತಾರೆ. ನಮ್ಮಲ್ಲಿ ಸಮಾವರ್ ಇಟ್ಟ ಚಾದಂಗಡಿಗಳಲ್ಲಿ ಕಂದಾದ ಬಟ್ಟೆಯ ಸೋಸುಚೀಲ ಕಂಡಿದ್ದೀರಲ್ಲ, ಥೇಟ್ ಅದೇ. ಅದನ್ನು ಕಂಡಾಗ ನನಗೆ ಕಾಸರಗೋಡು ಬಸ್‌ಸ್ಟ್ಯಾಂಡಿನ ಬಳಿ ನಿಂತ ಹಾಗಾಯಿತು.

ಬರೀ ಕೋಪಿ ಎಂದರೆ ಗಟ್ಟಿ ಸಿಹಿ ಹಾಲು ಹಾಕಿ ಕೊಡುತ್ತಾರೆ, ಡಬ್ಬದಲ್ಲಿ ಬರುತ್ತದಲ್ಲ, ಆ ಮಿಲ್ಕ್‌ಮೇಡ್ ತರದ್ದು. ಅದು ನಿಮಗೆ ಬೇಡವೇ ಬೇಡ. ಕೋಪಿ ಓ ಎಂದರೆ ಹಾಲಿಲ್ಲ, ಸಕ್ಕರೆ ಇದೆ. ಕೋಪಿ ಸಿ ಎಂದರೆ ಸಿಹಿಯಿಲ್ಲದ ಗಟ್ಟಿ ಹಾಲು, ಆದರೆ ಸಕ್ಕರೆ ಬೇರೆ ಹಾಕುತ್ತಾರೆ. ಕೊಸೊಂಗ್ ಎಂಬ ಮಾತು ನೀವು ಬಾಯಿಪಾಠ ಮಾಡಿಕೊಳ್ಳಿ. ಮಲಯದಲ್ಲಿ ಖಾಲಿ ಎಂದರ್ಥ. 'ಕೋಪಿ ಸಿ ಕೊಸೊಂಗ್' ಎಂದರೆ ಹಾಲಿದೆ, ಸಕ್ಕರೆ ಇಲ್ಲ. 'ಕೋಪಿ ಓ ಕೊಸೊಂಗ್' ಎಂದರೆ ಎರಡೂ ಇಲ್ಲ. ಸಕ್ಕರೆ ಕಡಿಮೆ ಸಾಕು ಎನ್ನುವವರು 'ಸಿಯೂ ಡಾಯ್' ಎನ್ನಬೇಕು. ಐಸ್ ಬೇಕಾದರೆ ಕೊನೆಗೆ 'ಪೆಂಗ್' ಸೇರಿಸಿ. ಚಾಕ್ಕೂ ಇದೇ ಲೆಕ್ಕ, ಕೋಪಿ ಬದಲು 'ತೇ' ಎನ್ನಿ. ಎತ್ತರದಿಂದ ಹೊಯ್ದು ನೊರೆ ಬರಿಸುವ ನಮ್ಮ ಚಾ ಅಲ್ಲಿ ತೇ ತಾರಿಕ್. ಶುಂಠಿ ಹಾಕಿದ್ದು ತೇ ಹಾಲಿಯಾ. ಮಳೆ ಬಂದ ಸಂಜೆಗೆ ಅದರಷ್ಟು ಒಳ್ಳೆಯದು ಬೇರೆ ಇಲ್ಲ.

ಹುರಿಯುವಾಗ ಹಾಕಿದ ಸಕ್ಕರೆಯ ಅಂಶ ಕೊಸೊಂಗ್‌ನಲ್ಲೂ ಸ್ವಲ್ಪ ಇರುತ್ತದೆ, ಇದು ನೆನಪಿರಲಿ. ದಿನಕ್ಕೆ ಒಂದು ಲೋಟ ಸಾಕು.

ಕಾಫಿಯ ಜೊತೆ ಎಲ್ಲರೂ ಕಾಯ ಟೋಸ್ಟ್ ತಿನ್ನುತ್ತಾರೆ. ಕಾಯ ಎಂದರೆ ಮಲಯದಲ್ಲಿ ಶ್ರೀಮಂತ ಎಂದರ್ಥ. ನಮ್ಮ ಕಿವಿಗೆ ಕಾಯಿ ಎಂದೇ ಕೇಳುತ್ತದೆ, ಅದರೊಳಗೆ ಇರುವುದೂ ಕಾಯಿಹಾಲೇ. ಕಾಯಿಹಾಲು, ಮೊಟ್ಟೆ, ಸಕ್ಕರೆ ಸಣ್ಣ ಉರಿಯಲ್ಲಿ ಗಟ್ಟಿ ಮಾಡಿ, ಪಾಂಡನ್ ಎಲೆಯ ಪರಿಮಳ ಹಿಡಿಸುತ್ತಾರೆ. ಕೆಲವರ ಅಂಗಳದಲ್ಲಿ ಅನ್ನಕ್ಕೆ ಹಾಕಲೆಂದು ನೆಟ್ಟ ಉದ್ದ ಹಸಿರು ಎಲೆಯ ಗಿಡ ಇರುತ್ತದಲ್ಲ, ಅದೇ ಎಲೆ. ತೆಳು ಬ್ರೆಡ್ಡನ್ನು ಗರಿಗರಿ ಸುಟ್ಟು, ಕಾಯ ಸವರಿ, ನಡುವೆ ತಣ್ಣನೆ ಬೆಣ್ಣೆಯ ತುಂಡು ಇಡುತ್ತಾರೆ. ಬೆಣ್ಣೆ ಕರಗುವ ಮೊದಲು ತಿನ್ನಬೇಕು. ನೀವು ಮನೆಯವರ ತಟ್ಟೆಯಿಂದ ಒಂದು ಕಚ್ಚು ತೆಗೆದುಕೊಳ್ಳಿ, ಅಷ್ಟೇ.

ಮಂಜೇಶ್ವರದಿಂದ ಒಬ್ಬರು: ನಾವು ಮನೆಯಲ್ಲಿ ಈರುಳ್ಳಿ ಬೆಳ್ಳುಳ್ಳಿಯನ್ನೂ ತಿನ್ನುವುದಿಲ್ಲ. ಐದು ದಿನ ಬರೀ ಬಾಳೆಹಣ್ಣಿನಲ್ಲಿ ಕಳೆಯಬೇಕೇ?

ಬೇಡ, ಖಂಡಿತ ಬೇಡ. ಸೆರಾಂಗೂನ್ ರೋಡಿನ ಸುತ್ತ ಶುದ್ಧ ಸಸ್ಯಾಹಾರಿ ಹೋಟೆಲುಗಳಿವೆ. ಆನಂದ ಭವನ 1924ರದ್ದು, ಕೋಮಲ ವಿಲಾಸ 1947ರದ್ದು. ದೋಸೆ, ಇಡ್ಲಿ, ಊಟ ಎಲ್ಲ ಸಿಗುತ್ತದೆ. ಆದರೆ ಅಷ್ಟು ದೂರ ಹೋಗಿ ಮೂರು ಹೊತ್ತೂ ದೋಸೆ ತಿಂದು ಬರುವುದು ನನಗೆ ಒಪ್ಪಿಗೆಯಿಲ್ಲ.

ಚೀನೀಯರಲ್ಲಿ ಬೌದ್ಧ ಪದ್ಧತಿಯ ಸಸ್ಯಾಹಾರ ಇದೆ. ಅವರಲ್ಲೂ ಈರುಳ್ಳಿ ಬೆಳ್ಳುಳ್ಳಿ ನಿಷಿದ್ಧ. ನಿಮ್ಮದೇ ನೇಮ! ಅಂಗಡಿಯ ಮೇಲೆ 'ಸು' ಎಂಬ ಚೀನೀ ಅಕ್ಷರ ಇರುತ್ತದೆ. ಹೋಗುವ ಮೊದಲು ಮಕ್ಕಳ ಹತ್ತಿರ ಅದನ್ನು ಒಂದು ಕಾಗದದಲ್ಲಿ ದೊಡ್ಡದಾಗಿ ಬರೆಸಿಕೊಳ್ಳಿ. ನಾನು ಹಾಗೇ ಮಾಡಿದ್ದೆ. ತುಂಬಾ ಹಾಕರ್ ಸೆಂಟರುಗಳಲ್ಲಿ ಇಂಥ ಅಂಗಡಿ ಒಂದಾದರೂ ಇರುತ್ತದೆ. ತಟ್ಟೆಯಲ್ಲಿ ಕೋಳಿಯ ಹಾಗೆ, ಮೀನಿನ ಹಾಗೆ ಕಂಡರೆ ಗಾಬರಿ ಬೇಡ. ಅದು ಸೋಯಾ ಅಥವಾ ಗೋಧಿಯಿಂದ ಮಾಡಿದ್ದು. ನೋಡಲು ಮನಸ್ಸಾಗದಿದ್ದರೆ ಸೊಪ್ಪು, ತೋಫು, ಅಣಬೆ, ಅಕ್ಕಿ ನೂಡಲ್ಸ್ ಬೆರಳು ತೋರಿಸಿ ಕೇಳಿ.

ಬೇರೆ ಅಂಗಡಿಗಳಲ್ಲಿ ಮಾತ್ರ ಜಾಗ್ರತೆ. ಮಾಂಸ ಇಲ್ಲ ಎಂದರೆ ಸಾಲುವುದಿಲ್ಲ. ಅಲ್ಲಿಯ ಸಂಬಾಲ್ ಎಂಬ ಕೆಂಪು ಚಟ್ನಿಗೆ ಬೆಲಾಚಾನ್ ಹಾಕುತ್ತಾರೆ, ಅದು ಸಿಗಡಿ ಅರೆದು ಒಣಗಿಸಿದ್ದು. ಕಾಯಿಹಾಲಿನ ಅನ್ನ ನಾಸಿ ಲೆಮಾಕ್ ನೋಡಲು ಎಷ್ಟು ಸಾಧು! ಆದರೆ ಪಕ್ಕದಲ್ಲಿ ಸಣ್ಣ ಒಣಮೀನು ಇರುತ್ತದೆ. ಹಸಿರು ಸೊಪ್ಪಿನ ಮೇಲೂ ಆಯ್ಸ್ಟರ್ ಎಂಬ ಚಿಪ್ಪುಜೀವಿಯ ಸಾಸ್ ಹೊಯ್ದಿರಬಹುದು. ಕೇಳದೆ ಬಾಯಿಗಿಡಬೇಡಿ. ನಿಮ್ಮಂಥವರಿಗೆ ಧೈರ್ಯವಾಗಿ ಹೇಳಬಹುದಾದದ್ದು ಪುಟು ಪಿರಿಂಗ್. ಪಿರಿಂಗ್ ಅಂದರೆ ತಟ್ಟೆ. ಅಂಗೈಯಷ್ಟು ಚಿಕ್ಕ ಪುಟ್ಟು, ಆವಿಯಲ್ಲಿ ಬೇಯಿಸಿದ್ದು, ಒಡೆದರೆ ಒಳಗಿಂದ ಕರಗಿದ ಬೆಲ್ಲ ಹರಿಯುತ್ತದೆ. ಅದು ತೆಂಗಿನ ನೀರಾ ಕಾಯಿಸಿ ಮಾಡಿದ ಬೆಲ್ಲ, ನಮ್ಮ ಓಲೆಬೆಲ್ಲದ ಬಣ್ಣ. ಪಕ್ಕದಲ್ಲಿ ಉಪ್ಪು ಬೆರೆಸಿದ ಕಾಯಿತುರಿ. ಸಿಹಿಯ ಮೇಲೆ ಆ ಒಂದು ಚಿಟಿಕೆ ಉಪ್ಪು ಎಂಥ ಉಪಕಾರ ಮಾಡುತ್ತದೆ ಎಂದು ತಿಂದೇ ತಿಳಿಯಬೇಕು.

ಉಪ್ಪಳದಿಂದ ಒಬ್ಬ ತಂಗಿ: ಉಮ್ಮನನ್ನು ಕರೆದುಕೊಂಡು ಹೋಗುತ್ತಿದ್ದೇನೆ. ಹಲಾಲ್ ಊಟ, ನಮಾಜಿಗೆ ಪಳ್ಳಿ, ಮತ್ತೆ ನನಗೆ ಫೋಟೋ ತೆಗೆಯಲು ಒಂದೆರಡು ಚಂದದ ಕೆಫೆ. ಒಂದೇ ಕಡೆ ಸಿಗಬಹುದಾ?

ಸಿಗುತ್ತದೆ. ಕಾಂಪೊಂಗ್ ಗ್ಲಾಂ ಎಂಬ ಕೇರಿ, ಬೂಗಿಸ್ ಸ್ಟೇಷನ್ನಿನಿಂದ ನಡೆದೇ ಹೋಗಬಹುದು. ನಡುವೆ ಸುಲ್ತಾನ್ ಮಸೀದಿ. ಈಗಿನ ಕಟ್ಟಡ ಮುಗಿದದ್ದು 1932ರಲ್ಲಿ. ಚಿನ್ನದ ಬಣ್ಣದ ಗುಮ್ಮಟದ ಬುಡವನ್ನು ಉಮ್ಮನಿಗೆ ತೋರಿಸು. ಕಪ್ಪಗೆ ಹೊಳೆಯುವ ಪಟ್ಟಿ ಕಾಣುತ್ತದೆ. ಅದು ಗಾಜಿನ ಬಾಟಲಿಗಳ ತಳ. ದುಡ್ಡು ಕೊಡಲಾಗದ ಬಡವರ ಕಾಣಿಕೆಯೂ ಮಸೀದಿಯಲ್ಲಿರಲಿ ಎಂದು ಅವರಿಂದ ಬಾಟಲಿ ಪಡೆದು ಕೂರಿಸಿದ್ದು. ನಾನು ಅಲ್ಲಿ ಕತ್ತೆತ್ತಿ ತುಂಬಾ ಹೊತ್ತು ನಿಂತಿದ್ದೆ.

ಎದುರಿನ ರಸ್ತೆಯಲ್ಲಿ ಝಂ ಝಂ ಹೋಟೆಲ್, 1908ರಿಂದ ಇದೆ, ಒಳಗೆ ಮಾಂಸ, ಮೊಟ್ಟೆ ತುಂಬಿ ಕಾಯಿಸಿದ ರೊಟ್ಟಿ ಮುರ್ತಬಾಕಿಗೆ ಹೆಸರುವಾಸಿ. ಪಕ್ಕದ ಹಾಜಿ ಲೇನ್ ಕಿರಿದಾದ ಗಲ್ಲಿ, ಗೋಡೆ ತುಂಬಾ ಚಿತ್ರ, ಎರಡೂ ಕಡೆ ಅಂಗಡಿ, ಕೆಫೆ. ನಿನ್ನ ಫೋಟೋಗೆ ಅದು ಸಾಕು. ಬಿಸಿಲು ಇಳಿದ ಮೇಲೆ ಹೋಗಿ, ಉಮ್ಮನಿಗೆ ಸುಸ್ತಾಗದ ಹಾಗೆ.

ಹೊಸಂಗಡಿಯಿಂದ ಒಬ್ಬರು: ಖರ್ಚು ಎಷ್ಟಾಗಬಹುದು? ಕೆಫೆಗೆ ಹೋಗುವುದು ದಂಡವಾ?

ಹಾಕರ್ ಸೆಂಟರಿನಲ್ಲಿ ಕೋಪಿಗೆ ಒಂದೂವರೆ, ಎರಡು ಸಿಂಗಾಪುರ ಡಾಲರ್. ಒಂದು ಊಟಕ್ಕೆ ನಾಲ್ಕರಿಂದ ಏಳು. ಕೆಫೆಯಲ್ಲಿ ಒಂದು ಲಾಟೆಗೇ ಆರೇಳು ಡಾಲರ್. ನಾನು ಹೋದಾಗ ಒಂದು ಡಾಲರಿಗೆ ಅರುವತ್ತು ಚಿಲ್ಲರೆ ರೂಪಾಯಿ ಇತ್ತು, ನೀವೇ ಲೆಕ್ಕ ಹಾಕಿ. ಹೋಟೆಲಿನ ಮೆನುವಿನಲ್ಲಿ ರೇಟಿನ ಪಕ್ಕ ಎರಡು ಕೂಡಿಸುವ ಚಿಹ್ನೆ ಕಂಡರೆ, ಅದರ ಮೇಲೆ 10% ಸರ್ವಿಸ್ ಚಾರ್ಜ್, ಆ ಒಟ್ಟು ಮೊತ್ತಕ್ಕೆ 9% ತೆರಿಗೆ. 100 ಎಂದಿದ್ದರೆ ಕೊಡಬೇಕಾದದ್ದು 119 ಡಾಲರ್ 90 ಸೆಂಟ್. ಒಮ್ಮೆ ಒಂದು ಹೋಟೆಲಿನಲ್ಲಿ ಮೇಜಿನ ಮೇಲಿಟ್ಟ ನೆಲಗಡಲೆ, ಒದ್ದೆ ಟಿಶ್ಯೂ ಎರಡಕ್ಕೂ ಬಿಲ್ಲು ಹಾಕಿದರು. ನಾವು ಕೇಳಿರಲೇ ಇಲ್ಲ. ಬೇಡದಿದ್ದರೆ ಕೂತ ಕೂಡಲೇ ತೆಗೆದುಕೊಂಡು ಹೋಗಲು ಹೇಳಿ.

ಕೆಫೆ ದಂಡ ಎಂದು ನಾನು ಹೇಳುವುದಿಲ್ಲ. ಒಂದು ಬೆಳಗ್ಗೆ ಟಿಯಾಂಗ್ ಬಾರು ಕೇರಿಗೆ ಇಡಿ. 1930ರ ದಶಕದಲ್ಲಿ ಸರ್ಕಾರ ಕಟ್ಟಿಸಿದ ಬಿಳೀ ಮನೆಗಳು, ಮೂಲೆಗಳೆಲ್ಲ ದುಂಡಗೆ, ಹಿಂದುಗಡೆ ಸುರುಳಿ ಮೆಟ್ಟಿಲು. ಮಹಡಿ ಕೆಳಗೆ ಅಂಗಡಿಗಳ ಮುಂದೆ ಸೂರಿನಡಿ ನಡೆಯುವ ಜಗಲಿ. ಡಿಸೆಂಬರ್ ಅಲ್ಲಿ ಮಳೆಯ ತಿಂಗಳು, ಆ ಜಗಲಿಯಲ್ಲಿ ಕೊಡೆ ಬಿಡಿಸದೆ ಓಡಾಡಬಹುದು. ಮೊದಲು ಮಾರ್ಕೆಟ್ಟಿನ ಮೇಲಿನ ಮಹಡಿಯಲ್ಲಿ ಚ್ವೀ ಕ್ವೇ ನೋಡಿ. ಬಟ್ಟಲಿನಲ್ಲಿ ಬೇಯಿಸಿದ ಪುಟ್ಟ ಅಕ್ಕಿ ಕಡುಬು, ಮೇಲೆ ಉಪ್ಪು ಹಾಕಿಟ್ಟ ಮೂಲಂಗಿಯ ಒಗ್ಗರಣೆ. ಸಸ್ಯಾಹಾರಿಗಳು ಯಾವ ಎಣ್ಣೆ ಎಂದು ಕೇಳಿಕೊಳ್ಳಬೇಕು, ಹಂದಿಯ ಕೊಬ್ಬು ಬಳಸುವವರೂ ಇದ್ದಾರೆ. ಆಮೇಲೆ ಕೆಳಗಿಳಿದು ಯಾವುದಾದರೂ ಒಂದು ಕೆಫೆಯ ಹೊರಗಿನ ಕುರ್ಚಿಯಲ್ಲಿ ಕೂತು ಒಂದೇ ಕಾಫಿ ತೆಗೆದುಕೊಂಡು ರಸ್ತೆ ನೋಡಿ. ಸಂತೆಯ ಚೀಲ ಎಳೆದುಕೊಂಡು ಹೋಗುವ ಅಜ್ಜಿಯರು, ನಾಯಿ ಹಿಡಿದ ಹುಡುಗರು. ಒಂದು ಕಾಲದಲ್ಲಿ ಅಲ್ಲಿಯ ಗಂಡಸರು ಬೆಳಗ್ಗೆ ಪಂಜರದ ಹಕ್ಕಿ ತಂದು ತೂಗುಹಾಕಿ, ಅವು ಹಾಡುವುದನ್ನು ಕೇಳುತ್ತಾ ಕಾಫಿ ಕುಡಿಯುತ್ತಿದ್ದರಂತೆ. ಅದರ ಚಿತ್ರ ಒಂದು ಗೋಡೆಯ ಮೇಲಿದೆ. ಆ ಏಳು ಡಾಲರ್ ನನಗೆ ನಷ್ಟ ಅನ್ನಿಸಲಿಲ್ಲ.

ಎರಡು ರಿವಾಜು ತಿಳಿದಿರಲಿ. ಖಾಲಿ ಮೇಜಿನ ಮೇಲೆ ಟಿಶ್ಯೂ ಪೊಟ್ಟಣ ಇದ್ದರೆ ಯಾರೋ ಜಾಗ ಹಿಡಿದಿದ್ದಾರೆ ಎಂದರ್ಥ, ಅದಕ್ಕೆ ಚೋಪ್ ಎನ್ನುತ್ತಾರೆ. ತಿಂದಾದ ಮೇಲೆ ತಟ್ಟೆ, ಟ್ರೇ ನೀವೇ ಒಯ್ದು ಇಡಬೇಕು. 2021ರಿಂದ ಅದು ಕಾನೂನು. ಹಲಾಲ್ ಟ್ರೇ ಇಡುವ ಜಾಗ ಬೇರೆ, ಬೋರ್ಡು ನೋಡಿ. ಮೆಟ್ರೋ ಒಳಗೆ ತಿನ್ನಲಿಕ್ಕೂ ಇಲ್ಲ, ನೀರು ಕುಡಿಯಲಿಕ್ಕೂ ಇಲ್ಲ, ದಂಡ 500 ಡಾಲರಿನವರೆಗೆ ಇದೆ.

ನೀರ್ಚಾಲಿನಿಂದ ಒಂಬತ್ತನೇ ಕ್ಲಾಸಿನ ಹುಡುಗಿ: ಟೀಚರ್, ದುರಿಯನ್ ಅಂದರೆ ನಮ್ಮ ಹಲಸಿನ ಜಾತಿಯಾ? ಮಾವ ಹೌದು ಅನ್ನುತ್ತಾನೆ, ನಾನು ಅಲ್ಲ ಅಂದೆ.

ನೀನು ಹೇಳಿದ್ದೇ ಸರಿ ಮಗೂ. ಹೊರಗೆ ಮುಳ್ಳಿದೆ ಎಂದು ಹಾಗೆ ಕಾಣುತ್ತದೆ. ಹಲಸು ಆಲ, ಅತ್ತಿಗಳ ಕುಟುಂಬ. ದುರಿಯನ್ ದಾಸವಾಳ, ಹತ್ತಿಗಳ ಕುಟುಂಬ. ಅದರ ವಾಸನೆ ಎಷ್ಟು ಜೋರು ಎಂದರೆ ಮೆಟ್ರೋಗೆ ತರಬಾರದು ಎಂದು ಬೋರ್ಡೇ ಹಾಕಿದ್ದಾರೆ. ಇಂಗ್ಲಿಷಿನ ಜ್ಯಾಕ್ ಎಂಬ ಮಾತು ನಮ್ಮ ಸುತ್ತಲಿನ ಮಲಯಾಳದ ಚಕ್ಕದಿಂದ ಪೋರ್ಚುಗೀಸರ ಬಾಯಿ ಹಾದು ಹೋದದ್ದು. ಇದನ್ನೂ ಮಾವನಿಗೆ ಹೇಳು.

ಹಲಸಿನ ನಿಜವಾದ ನೆಂಟ ಚೆಂಪೆಡಾಕ್. ಸಣ್ಣ ಕಾಯಿ, ಒಳಗೆ ನಮ್ಮ ತುಳುವೆ ಹಣ್ಣಿನ ಹಾಗೆ ಮೆತ್ತಗಿನ ಸೊಳೆ. ಅಲ್ಲಿ ಸೊಳೆಯನ್ನು ಬೀಜ ಸಮೇತ ಹಿಟ್ಟಿನಲ್ಲಿ ಅದ್ದಿ ಎಣ್ಣೆಗೆ ಬಿಡುತ್ತಾರೆ. ಮೊದಲು ಗರಿಗರಿ ಹಿಟ್ಟು, ಆಮೇಲೆ ಜೇನಿನಂಥ ಸೊಳೆ, ಕಡೆಗೆ ಬೆಂದ ಬೀಜ, ಸಾಂತಾಣಿಯ ರುಚಿ. ಒಂದೇ ತುತ್ತಿನಲ್ಲಿ ಮೂರು. ನಮ್ಮಲ್ಲಿ ಉಂಡ್ಲುಕ ಮಾಡುವಾಗ ಬೀಜ ತೆಗೆದೇ ಬಿಡುತ್ತೇವೆ, ಹೀಗೆ ಮಾಡಬಹುದೆಂದು ನನಗೆ ಹೊಳೆದಿರಲಿಲ್ಲ. ಊರಿಗೆ ಬಂದ ಮೇಲೆ ಮಾಡಿ ನೋಡಿದೆ. ನಮ್ಮ ಬೀಜ ದಪ್ಪ, ಒಳಗೆ ಹಸಿಯಾಗಿಯೇ ಉಳಿಯಿತು. ಎರಡನೇ ಸಲ ಬೀಜ ಮೊದಲೇ ಬೇಯಿಸಿ, ಸಿಪ್ಪೆ ತೆಗೆದು, ಮತ್ತೆ ಸೊಳೆಯೊಳಗೆ ಸೇರಿಸಿ, ಅಕ್ಕಿಹಿಟ್ಟಿಗೆ ಚಿಟಿಕೆ ಅರಸಿನ ಹಾಕಿ ಕರಿದೆ. ಆಗ ಸರಿಯಾಯಿತು. ನಿಮ್ಮ ತೋಟದಲ್ಲಿ ತುಳುವೆ ಮರ ಇದ್ದರೆ ಮುಂದಿನ ಬೇಸಗೆಯಲ್ಲಿ ಅಮ್ಮನ ಜೊತೆ ಮಾಡಿ ನೋಡು. ಎಣ್ಣೆಯ ಹತ್ತಿರ ನೀನು ನಿಲ್ಲಬೇಡ. ಹೇಗಾಯಿತೆಂದು ನನಗೆ ಬರೆ.